ಏಳನೆಯ ಸೂಜಿ

ಕೌದಿ ಹೊಲಿದು ಮುಗಿದ ಕೂಡಲೇ ಸೂಜಿ ಎಣಿಸುವುದು ನನ್ನ ಪದ್ಧತಿ. ನಿನ್ನೆ ಆಸ್ಪತ್ರೆಯ ಗಾಡಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ಮಕ್ಕಳ ವಾರ್ಡಿಗೆ ದಾನ ಕೊಡಲೆಂದು ಹೊಲಿದ ಕೌದಿಯನ್ನು, ಸೂಜಿ ಎಣಿಸದೆಯೇ ಮಡಚಿ ಕೊಟ್ಟುಬಿಟ್ಟೆ. ಬೆಳಿಗ್ಗೆ ಡಬ್ಬಿ ತೆರೆದರೆ ಏಳು ಸೂಜಿ ಇರಬೇಕಾದಲ್ಲಿ ಆರೇ ಇದ್ದವು.

“ಎಲ್ಲೋ ಬಿದ್ದಿರುತ್ತೆ ಬಿಡಿ ಅತ್ತೆ, ತಿಂಡಿ ತಿನ್ನಿ,” ಎಂದಳು ಸೊಸೆ.

“ಬಿದ್ದಿದ್ರೆ ಇಷ್ಟೊತ್ತಿಗೆ ನನ್ನ ಕಾಲಿಗೇ ಚುಚ್ಚಿರೋದು. ನನ್ನ ಅದೃಷ್ಟ ನಂಗೊತ್ತಿಲ್ವಾ?”

ತಟ್ಟೆ ಸರಿಸಿ ಎದ್ದೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಕೂರಲಾಗಲಿಲ್ಲ. ಕಣ್ಣ ಮುಂದೆ ಯಾವುದೋ ಮಗು ಹೊರಳುತ್ತಲೇ ಇತ್ತು.

ವಾರ್ಡಿನ ಕೊನೆಯ ಮಂಚದಲ್ಲಿ ಎರಡು ವರ್ಷದ ಮಗುವೊಂದು ನನ್ನ ಕೌದಿ ಹೊದ್ದು ಮಲಗಿತ್ತು. “ಇದು ನಾನು ಹೊಲಿದು ಕೊಟ್ಟ ಕೌದಿ,” ಎಂದು ಅಂಚಿಗೆ ಕೈ ಹಾಕಿದ್ದೇ ತಡ, ಅದರ ತಾಯಿ ಇನ್ನೊಂದು ಅಂಚು ಹಿಡಿದುಕೊಂಡಳು.

“ಕೊಟ್ಟಿದ್ದನ್ನ ವಾಪಸ್ ಕೇಳೋಕೆ ಬಂದ್ರಾ ಅಜ್ಜಿ?”

“ಇಲ್ಲಮ್ಮ. ಡಬ್ಬೀಲಿ ಏಳು ಸೂಜಿ ಇರಬೇಕಿತ್ತು, ಆರೇ ಇವೆ. ಒಂದನ್ನ ಇದರಲ್ಲಿ ಬಿಟ್ಟಿದ್ದೀನಿ ಅನ್ಸುತ್ತೆ. ನನ್ನದೇ ತಪ್ಪು.”

ಅವಳು ಮಗುವನ್ನು ಎತ್ತಿಕೊಂಡು ಅದರ ಮೈಯೆಲ್ಲ ಸವರಿ ನೋಡಿದಳು. ಎಲ್ಲೂ ಚುಚ್ಚಿರಲಿಲ್ಲ. ನಾನು ಕೌದಿಯನ್ನು ಹರಡಿ ಗೇಣುಗೇಣಾಗಿ ಒತ್ತುತ್ತಾ ಹೋದೆ. ಕಾಲಿನ ಕಡೆಯ ಮೂಲೆಯಲ್ಲಿ, ಎರಡು ಪದರದ ನಡುವೆ, ದಾರದ ಸಮೇತ ಸಿಕ್ಕಿತು. ಅವಸರದಲ್ಲಿ ನಾಲ್ಕು ಹೊಲಿಗೆ ಬಾಕಿ ಉಳಿಸಿದ್ದೆ. ಅಲ್ಲೇ ಕೂತು ಮುಗಿಸಿ, ಗಂಟು ಹಾಕಿ, ದಾರ ಕತ್ತರಿಸಿದೆ.

“ಡಬ್ಬಿ ತಂದಿದ್ದೀರಾ?” ಎಂದಳು ಅವಳು.

“ಚೀಲದಲ್ಲೇ ಇದೆ.”

“ಹಾಗಾದ್ರೆ ನನ್ನ ಮುಂದೆನೇ ಎಣಿಸಿ.”

ಎಣಿಸಿದೆ. ಅವಳೂ ಬೆರಳಿಟ್ಟು ಏಳರವರೆಗೆ ಎಣಿಸಿದಳು. ಆಮೇಲೆ ಮಗುವನ್ನು ಮಲಗಿಸಿ ಕೌದಿ ಹೊದಿಸಿದಳು.