ಮಾಫ್ ಮಾಡಿದವನು

ಅಣ್ಣ ಫಕ್ರುಸಾಬನ ಜನಾಜಾ ಎತ್ತಲು ಬಗ್ಗಿದವರನ್ನು ಇಜಾಜ ಕೈ ಅಡ್ಡ ಹಿಡಿದು ನಿಲ್ಲಿಸಿದ.

"ಸತ್ತವರ ತಪ್ಪು ಮಾಫ್ ಮಾಡಿ ಕಳಸೂದು ನಮ್ಮ ರಿವಾಜು. ತಮ್ಮ ಆಗಿ ಮೊದಲ ನಾನ ಹೇಳ್ತೀನಿ. ನನ್ನ ಮಗಳು ಸಾಯಾಕ ಬಿದ್ದಾಗ ಅಣ್ಣ ಹಿಂದ ಸರದ. ಹೋಗ್ಲಿ. ಎಲ್ಲಾ ಮಾಫ್ ಮಾಡೀನಿ."

ಅಂಗಳದಲ್ಲಿದ್ದವರು ತಲೆದೂಗಿದರು. "ಮನಸ ಅಂದ್ರ ಹಿಂಗಿರಬೇಕು" ಎಂದರು ಯಾರೋ. ಬಾಗಿಲ ಪರದೆಯ ಹಿಂದೆ ಕೂತಿದ್ದ ಜನ್ನತಬಿಗೆ ಮೈಯೆಲ್ಲ ಉರಿಯಿತು. ಗಂಡ ಹೋದ ದುಃಖಕ್ಕಿಂತ ಈ ಮಾಫಿಯೇ ಅವಳನ್ನು ಹೆಚ್ಚು ಚುಚ್ಚಿತು.

*

ಫಕ್ರುಸಾಬ ಲಕ್ಷ್ಮೇಶ್ವರದಲ್ಲಿ ಗಾದಿ ಹೊಲಿಯುತ್ತಿದ್ದ. ಅಂಗಾಲು ಕೆಂಪಗಾಗಿ ಉರಿಯುತ್ತದೆಂದು ಗದಗಿಗೆ ಹೋದರೆ, ಡಾಕ್ಟರು ಬೇರೆಯೇ ಹೇಳಿದರು. ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ ಕಣಗಳು ವಿಪರೀತ ಹೆಚ್ಚಿವೆ, ಇದು ನಿಧಾನಕ್ಕೆ ಬೆಳೆಯುವ ರಕ್ತದ ಕ್ಯಾನ್ಸರು, ಮಿದುಳಿನಲ್ಲಿ ರಕ್ತ ಗಡ್ಡೆ ಕಟ್ಟೀತು, ಗುಳಿಗೆ ಬಿಡಬೇಡ. ಊರಲ್ಲಿ ಯಾರೂ ನಂಬಲಿಲ್ಲ.

"ಡೆಂಗ್ಯೂ ಬಂದವರು ಪ್ಲೇಟ್ಲೆಟ್ ಇಲ್ಲದ ಸಾಯ್ತಾರ. ನಿನ್ನ ಹತ್ರ ಗೋದಾಮು ತುಂಬೈತಿ, ನಿನಗೇನ್ ಧಾಡಿ ಆಗೈತಿ ಅಣ್ಣಾ" ಎಂದು ಇಜಾಜ ನಕ್ಕಿದ್ದ.

ಅವನ ಮಗಳು ರುಹಿಗೇ ಡೆಂಗ್ಯೂ ಆದಾಗ, ಎಲ್ಲರಿಗಿಂತ ಮೊದಲು ಅಂಗಿಯ ತೋಳು ಮಡಚಿಕೊಂಡು ರಕ್ತಭಂಡಾರಕ್ಕೆ ಓಡಿದವನು ಫಕ್ರುಸಾಬ. ಅಲ್ಲಿಯವರು ಅವನ ಗುಳಿಗೆ ನೋಡಿ ಬೇಡವೆಂದು ಕೈಯಾಡಿಸಿದರು. "ಕಣ ಭಾಳ ಅದಾವ ಖರೆ, ಆದ್ರ ಜಡ್ಡಿನ ರಕ್ತ. ಕೂಸಿಗೆ ಹಾಕಾಕ ಬರೂದಿಲ್ರಿ."

ಮಡಚಿದ ತೋಳಿನಲ್ಲೇ ಹೊರಗೆ ಬಂದು, "ನಂದು ಬ್ಯಾಡಂದ್ರೋ ಇಜಾಜ" ಎಂದ.

"ಅವರು ಬ್ಯಾಡಂದ್ರೋ, ನೀನ ಬ್ಯಾಡಂದಿಯೋ?"

ಬೇರೆಯವರು ಕೊಟ್ಟರು, ರುಹಿ ಬದುಕಿದಳು. ಅಣ್ಣ ತಮ್ಮಂದಿರ ಮಾತು ಅಂದೇ ನಿಂತಿತು. ಪ್ರತಿ ರಮಜಾನ್ ಹಬ್ಬಕ್ಕೆ ಫಕ್ರುಸಾಬ ಸುರಕುಂಬಾ ಪಾಯಸ ಹಿಡಿದು ತಮ್ಮನ ಬಾಗಿಲಿಗೆ ಹೋಗುತ್ತಿದ್ದ, ಹಾಗೇ ವಾಪಸು ತರುತ್ತಿದ್ದ. ಗುಳಿಗೆ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೂ ನಿನ್ನೆ ಸಂಜೆ ಅದೇ ಕಣಗಳು ಮಿದುಳಿನಲ್ಲಿ ಗಡ್ಡೆ ಕಟ್ಟಿ ಅವನನ್ನು ಕೆಡವಿದವು.

*

"ಅವರು ಕೊಡಾಕಂತನ ಹೋಗಿದ್ರು" ಎಂದಳು ಜನ್ನತಬಿ, ಪರದೆಯ ಹಿಂದಿನಿಂದ. "ತಪ್ಪು ಮಾಡಿದ್ರ ಮಾಫ್ ಮಾಡ್ರಿ. ಏನ್ ತಪ್ಪು ಮಾಡ್ಯಾರ ಹೇಳ್ರಿ."

ಅಷ್ಟರಲ್ಲಿ ಹೊರಗೆ ಕಲಿಮಾ ಪಠಣದ ದನಿ ಎದ್ದಿತು, ಜನಾಜಾ ಎದ್ದಿತು. ಅವಳ ಮಾತು ಯಾರಿಗೂ ಕೇಳಲಿಲ್ಲ. ಪಕ್ಕದಲ್ಲಿದ್ದ ರುಹಿಗೆ ಮಾತ್ರ ಕೇಳಿತು. ಈಗ ಕಾಲೇಜಿಗೆ ಹೋಗುವ ಹುಡುಗಿ, ದೊಡ್ಡಮ್ಮನ ಕೈ ಹಿಡಿದುಕೊಂಡಳು.

"ಅಳಬ್ಯಾಡ ದೊಡ್ಡಮ್ಮ. ಅಪ್ಪ ಮಾಫ್ ಮಾಡಿದನಲ್ಲ. ನನಗೂ ದೊಡ್ಡಪ್ಪನ ಮ್ಯಾಲೆ ಸಿಟ್ಟಿಲ್ಲ."

ಜನ್ನತಬಿ ಅವಳ ತುಂಬಿದ ಕೆನ್ನೆ ನೋಡಿದಳು.

ಇಜಾಜ ಕಬರಸ್ತಾನದಿಂದ ಬಂದಾಗ ಕಾಲೆಲ್ಲ ಮಣ್ಣಾಗಿತ್ತು. ಹೊಸ್ತಿಲ ಬಳಿ ನೀಲಿ ಟಬ್ಬಿನಲ್ಲಿ ನೀರಿತ್ತು. ಗಂಡನ ಉರಿಗಾಲಿಗೆಂದು ಜನ್ನತಬಿ ದಿನಾ ಸಂಜೆ ತುಂಬಿಡುವ ನೀರು. ನಿನ್ನೆ ಅವನು ಕಾಲಿಡುವ ಮೊದಲೇ ಕುಸಿದಿದ್ದ.

ಇಜಾಜ ಸ್ಟೂಲು ಎಳೆದು ಕೂತು, ಎರಡೂ ಕಾಲು ಟಬ್ಬಿನಲ್ಲಿಟ್ಟ.

"ಛಲೋ ಥಣ್ಣಗೈತಿ" ಎಂದ. "ರುಹಿ, ಇನ್ನೊಂದ್ ತಂಬಿಗಿ ತೊಗೊಂಡ ಬಾ."

ರುಹಿ ತಂದು ಸುರಿದಳು. ಪರದೆಯ ಸಂದಿಯಿಂದ ಜನ್ನತಬಿ ನೋಡುತ್ತಿದ್ದಳು. ಇಜಾಜನ ಕಾಲಿನ ಗೋರಿಯ ಕರಿಮಣ್ಣು ಬಿಟ್ಟುಕೊಂಡು, ಗಂಡನ ನೀರು ಕದಡುತ್ತಿತ್ತು.