ನಿಲುವಂಗಿ ಸುಟ್ಟವಳು

ಇಸ್ತ್ರಿಯಮ್ಮ ತನ್ನ ಅಂಗಡಿಯಲ್ಲಿ ಉಣ್ಣೆ ಕೋಟಿನ ತೋಳಿನ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಒತ್ತುತ್ತಿದ್ದಾಗಲೇ ಕೋಟಿನ ಒಡೆಯರು ಬಂದು ನಿಂತರು. ಸಂಜೆ ಶಾಲೆಯ ಮೇಷ್ಟ್ರು.

"ಹುಷಾರಮ್ಮಾ, ಸುಟ್ಟುಬಿಟ್ಟೀರಿ! ನಿಮಗೆ ಅದರಲ್ಲೇ ಅಲ್ವಾ ತತ್ತ್ವಜ್ಞಾನ ಕಾಣೋದು?"

ಪಕ್ಕದಲ್ಲಿ ಅಂಗಿ ಮಡಿಸುತ್ತಿದ್ದ ನಾದಿನಿ ಕಿಸಕ್ಕೆಂದಳು. ಇಸ್ತ್ರಿಯಮ್ಮನಿಗೆ ಅಂಗಾಲಿನ ಉರಿ ನೆತ್ತಿಗೇರಿತು.

ಅರವತ್ತರ ಹತ್ತಿರದಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕಟ್ಟಿದವಳು ಅವಳು. ಪಾಠಕ್ಕಿದ್ದದ್ದು ಒಂದು ಹಳೆಯ ನಗೆನಾಟಕ. ಅದರ ಪಂಡಿತ, ಜಗತ್ತೆಲ್ಲ ತೋರಿಕೆ, ನಷ್ಟವೂ ತೋರಿಕೆ ಎಂದು ಕಂಡಕಂಡವರಿಗೆಲ್ಲ ಉಪದೇಶ ಮಾಡುತ್ತಾನೆ. ಮನೆಗೆಲಸದವಳು ಅವನ ಉಣ್ಣೆ ನಿಲುವಂಗಿಗೆ ಇಸ್ತ್ರಿ ಹಾಕುತ್ತ ಕೇಳಿಸಿಕೊಳ್ಳುತ್ತಾಳೆ. ಭಾಷಣ ಮುಗಿಯುವಷ್ಟರಲ್ಲಿ ನಿಲುವಂಗಿ ತೂತು. ಪಂಡಿತ ಲಬೋ ಲಬೋ ಬಾಯಿ ಬಡಿದುಕೊಳ್ಳುತ್ತಾನೆ.

ಆ ಕೆಲಸದವಳು ದಡ್ಡತನದಿಂದ ಸುಟ್ಟಳೆಂದು ಮೇಷ್ಟ್ರು ಟಿಪ್ಪಣಿ ಬರೆಸಿದ್ದರು. ಪರೀಕ್ಷೆಯಲ್ಲಿ ಇಸ್ತ್ರಿಯಮ್ಮ ಹಾಗೆ ಬರೆಯಲಿಲ್ಲ. ದಪ್ಪ ಉಣ್ಣೆ ಕೈತಪ್ಪಿ ತೂತು ಬೀಳುವುದಿಲ್ಲ, ಮೊದಲು ವಾಸನೆ ಮೂಗಿಗೆ ಹೊಡೆಯುತ್ತದೆ, ಅಷ್ಟಾದರೂ ಪೆಟ್ಟಿಗೆ ಎತ್ತದೆ ಕಾಯಬೇಕು. ಕೆಲಸದವಳು ಬೇಕೆಂದೇ ಕಾದಳು, ಪಂಡಿತನ ವಾದಕ್ಕೆ ಅದೇ ಅವಳ ಉತ್ತರ ಎಂದು ಬರೆದಳು. ಆ ಉತ್ತರಕ್ಕೆ ಮೇಷ್ಟ್ರು ಸೊನ್ನೆ ಹಾಕಿದರು. ನಾಲ್ಕು ಅಂಕ ಕಡಿಮೆ ಬಿದ್ದು ಫೇಲು. ಮರುಮೌಲ್ಯಮಾಪನ ಕೋರಿ ಪರೀಕ್ಷಾ ಕಚೇರಿಗೆ ಬರೆದ ಪತ್ರ ಆರು ವಾರದಿಂದ ಚೀಲದಲ್ಲೇ ಕೂತಿತ್ತು, ಮೇಷ್ಟ್ರನ್ನು ಎದುರು ಹಾಕಿಕೊಳ್ಳಲು ಅವಳಿಗೆ ಅಂಜಿಕೆ. ಅದನ್ನು ಅಂಚೆಗೆ ಹಾಕಲು ಕೊನೆಯ ದಿನ ಇವತ್ತೇ.

"ಮೇಷ್ಟ್ರೇ, ಯಾವತ್ತಾದ್ರೂ ಉಣ್ಣೆಗೆ ಇಸ್ತ್ರಿ ಹಾಕಿದ್ದೀರಾ?"

"ನಾನ್ಯಾಕೆ ಹಾಕ್ಲಿ? ನೀವಿಲ್ವಾ?"

"ಮತ್ತೆ ಅವಳು ದಡ್ಡಿ ಅಂತ ಹೇಗೆ ಗೊತ್ತಾಯ್ತು?"

"ನಗೋಕೆ ಬರೆದಿರೋ ನಾಟಕ ಅದು. ಕೆಲಸದವಳಿಗೆಲ್ಲಿಯ ವಾದ!"

"ನಗಬೇಕು ಸರಿ. ಯಾರನ್ನ ನೋಡಿ ಅನ್ನೋದೇ ನಿಮಗೆ ಗೊತ್ತಾಗಿಲ್ಲ."

ಅವಳು ಪೆಟ್ಟಿಗೆಯನ್ನು ತೋಳಿನ ಮೇಲೆಯೇ ಬಿಟ್ಟು ಕೈಕಟ್ಟಿ ನಿಂತಳು. ಒದ್ದೆ ಬಟ್ಟೆ ಬುಸ್ಸೆಂದು ಹಬೆ ಬಿಟ್ಟಿತು.

"ಅಯ್ಯೋ, ಎತ್ತೀಮ್ಮಾ! ಹೊಸ ಕೋಟು!"

"ಇನ್ನೂ ಬೇಕಾದಷ್ಟು ಹೊತ್ತಿದೆ. ಬಟ್ಟೆ ಒಣಗಬೇಕು, ವಾಸನೆ ಬರಬೇಕು. ಇದೇನು ಕೈತಪ್ಪಿ ಆಗೋ ಕೆಲಸಾನಾ, ನೀವೇ ಹೇಳಿ."

ಮೇಷ್ಟ್ರು ಕೋಟಿಗೆ ಕೈಚಾಚಿದರು. ಅವಳು ಪೆಟ್ಟಿಗೆ ಎತ್ತಿ ಬಟ್ಟೆ ಸರಿಸಿದಳು. ತೋಳಿನ ಮೇಲೆ ಒಂದು ಗುರುತೂ ಇರಲಿಲ್ಲ. ಅವರು ಕೋಟನ್ನು ಕಸಿದುಕೊಂಡು ದುಡುದುಡು ನಡೆದರು.

"ಅತ್ತಿಗೆ, ಅವರನ್ನ ಯಾಕೆ ಕೆಣಕಿದ್ರಿ? ಮುಂದಿನ ವರ್ಷವೂ ಅವರೇ ಪಾಠಕ್ಕೆ ಬರೋದು!"

"ಬರಲಿ. ಅಂಗಡಿ ನೋಡ್ಕೋ."

ಅಂಚೆಕಚೇರಿಯ ಕಿಟಕಿ ಮುಚ್ಚುವುದರಲ್ಲಿತ್ತು. ಅವಳು ಅಡ್ಡ ಕೈಯಿಟ್ಟು ಪತ್ರವನ್ನು ಒಳಕ್ಕೆ ತಳ್ಳಿದಳು. ಗುಮಾಸ್ತ ಗೊಣಗುತ್ತ ಇವತ್ತಿನ ಮುದ್ರೆ ಒತ್ತಿ ಅದನ್ನು ಅಂಚೆಮೂಟೆಗೆ ಹಾಕುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.