ಪಾಠ ಮಾಡದ ಪುಟ

ಟೀಚರಮ್ಮನೊಂದಿಗೆ ವಾದಕ್ಕಿಳಿದು ಗೆದ್ದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ, ಅವಳ ಗಂಡನನ್ನೂ ಸೇರಿಸಿ. ಸರ್ಕಾರ ಪ್ರತಿ ಮಗುವಿನ ಹೆಸರಿಗೂ ಒಂದು ಚೀಟಿ ಹಂಚಿ, ಅದನ್ನು ಯಾವ ಶಾಲೆಗೆ ಕೊಟ್ಟರೂ ಫೀಸು ತನ್ನದೇ ಎಂದಾಗ, ಪೋಷಕರ ಸಭೆಯಲ್ಲಿ ಎದ್ದು ನಿಂತವಳು ಅವಳೇ.

"ಈಗ ಇರೋದೇ ಮೂವತ್ತು ಮಕ್ಕಳು. ಒಂದು ಕಮ್ಮಿ ಆದ್ರೂ ಈ ಶಾಲೆ ಮುಚ್ತಾರೆ. ಬೇರೆಯವರ ಮಾತು ಬಿಡಿ, ನನ್ನ ಮಗ ಇಲ್ಲೇ ಓದ್ತಾನೆ."

ಆ ಕೊನೆಯ ಮಾತಿಗೆ ಎಲ್ಲರೂ ಮಣಿದರು. ಮಗಳನ್ನು ದೊಡ್ಡ ರಸ್ತೆಯ ಹೊಸ ಶಾಲೆಗೆ ಸೇರಿಸಬೇಕೆಂದಿದ್ದ ಇಸ್ತ್ರಿ ಅಂಗಡಿಯವಳು ಕೂಡ ಚೀಟಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು.

ಟೀಚರಮ್ಮನ ಮಗನನ್ನು ಎಲ್ಲರೂ ಗಿಣಿ ಎಂದೇ ಕರೆಯುತ್ತಿದ್ದರು. ಒಮ್ಮೆ ಕಿವಿಗೆ ಬಿದ್ದದ್ದನ್ನು ಅಕ್ಷರ ಬಿಡದೆ ಒಪ್ಪಿಸುತ್ತಿದ್ದ. ಮರುದಿನದ ಪಾಠವನ್ನು ಅಮ್ಮ ಸಂಜೆ ಗಟ್ಟಿಯಾಗಿ ಓದಿಕೊಳ್ಳುವಾಗ ಪಕ್ಕದಲ್ಲೇ ಕೂತಿರುತ್ತಿದ್ದ. ತರಗತಿಯಲ್ಲಿ ಪುಸ್ತಕ ಹಿಡಿದು ನಿಂತನೆಂದರೆ ಅರಳು ಹುರಿದಂತೆ ಓದು. ಮೂರನೇ ತರಗತಿಗೆ ಬಂದರೂ ಅವನ ಬೆರಳು ಸಾಲಿನ ಮೇಲೆ ಸರಿಯದೆ ಒಂದೇ ಕಡೆ ನಿಂತಿರುವುದು ಹೆತ್ತವಳ ಕಣ್ಣಿಗೆ ಬಿದ್ದಿರಲಿಲ್ಲವೇ? ಬಿದ್ದಿತ್ತು. ಕಂಡರೂ ಕಾಣದ ಹಾಗಿರುವುದು ತಾಯಂದಿರಿಗೆ ದೊಡ್ಡ ಕೆಲಸವೇನಲ್ಲ.

ಭಾನುವಾರ ಬೆಳಿಗ್ಗೆ ಗಂಡ ಅಡುಗೆಮನೆಯ ಸಿಂಕಿನ ಕೆಳಗೆ ಅರ್ಧ ಮೈ ತೂರಿಸಿ ಮಲಗಿದ್ದ. ಊರಿನವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವ ಪ್ಲಂಬರ್‌ಗೆ ತನ್ನ ಮನೆಯದಕ್ಕೆ ಅಂತೂ ಬಿಡುವು ಸಿಕ್ಕಿತ್ತು.

"ಗಿಣಿ, ಅಂಟು ಒಣಗೋಕೆ ಎಷ್ಟೊತ್ತು ಬಿಡ್ಬೇಕಂತೆ? ಡಬ್ಬಿ ಮೇಲಿದೆ, ಓದಪ್ಪಾ."

ಹುಡುಗ ಡಬ್ಬಿಯನ್ನು ತಿರುಗಿಸಿದ. ಇನ್ನೊಂದು ಸಲ ತಿರುಗಿಸಿದ. ಆಮೇಲೆ ಅಮ್ಮನ ಮುಖ ನೋಡಿದ.

"ಅಮ್ಮ ಒಂದ್ಸಲ ಓದ್ಲಿ. ಆಮೇಲೆ ನಾನು ಓದ್ತೀನಿ."

ಗಂಡ ಮೆಲ್ಲಗೆ ಹೊರಗೆ ಬಂದು ಕೈ ಒರೆಸಿಕೊಂಡ. ಬೈಯಲಿಲ್ಲ. ಬೈದಿದ್ದರೆ ಅವಳೇ ಗೆಲ್ಲುತ್ತಿದ್ದಳು.

"ದೊಡ್ಡ ರಸ್ತೆಯ ಆ ಹೊಸ ಶಾಲೆಯಲ್ಲಿ ಇಂಥ ಮಕ್ಕಳನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಓದಿಸೋರಿದಾರೆ. ನಿಂಗೆ ನಾಲ್ಕು ಕ್ಲಾಸು, ಒಂದೇ ಕೋಣೆ. ನಿನ್ನ ತಪ್ಪು ಅಂತಿಲ್ಲ ಕಣೆ. ಆದ್ರೆ ಶಾಲೆ ಉಳಿಸೋಕೆ ಅಂತ ಇವನನ್ನ ಇಟ್ಕೋಬೇಡ. ಚೀಟಿ ಕೊಡೋಕೆ ನಾಳೆನೇ ಕೊನೆ."

ಸೋಮವಾರ ಮಧ್ಯಾಹ್ನ ಮಕ್ಕಳು ಅಂಗಳದಲ್ಲಿ ಆಡುತ್ತಿದ್ದಾಗ ಅವಳು ಮಗನ ವರ್ಗಾವಣೆ ಪತ್ರ ಬರೆಯಲು ಕೂತಳು. 'ಶಾಲೆ ಬಿಡಲು ಕಾರಣ' ಎಂಬಲ್ಲಿ ಹಿಂದೆ ಬಿಟ್ಟುಹೋದ ಎಲ್ಲರಿಗೂ 'ಪೋಷಕರ ಇಚ್ಛೆ' ಎಂದು ಸಿಟ್ಟಿನಿಂದಲೇ ಗೀಚುತ್ತಿದ್ದಳು. ಈಗ ಪೆನ್ನು ಮುಂದಕ್ಕೆ ಹೋಗಲಿಲ್ಲ.

ಮಗಳು ಮರೆತು ಬಂದಿದ್ದ ನೀರಿನ ಬಾಟಲಿ ಹಿಡಿದು ಇಸ್ತ್ರಿ ಅಂಗಡಿಯವಳು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಓದು ಬಾರದು. ಆದರೆ ಆ ಹಳದಿ ಕಾಗದ ಏನೆಂದು ಗೊತ್ತಿತ್ತು.

"ಇನ್ಯಾರು ಹೊರಟ್ರು ಟೀಚರಮ್ಮ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ನನ್ನ ಮಗ. ಅವನಿಗೆ ಓದೋಕೆ ಬರಲ್ಲ. ನನಗೆ ಕಲಿಸೋಕೆ ಆಗ್ಲಿಲ್ಲ. ನಿಮ್ಮನ್ನ ತಡೆದು ಈಗ ನಾನೇ ಕಳಿಸ್ತಿದೀನಿ. ಬೈಯೋದಾದ್ರೆ ಬೈದುಬಿಡಿ."

ಇಸ್ತ್ರಿ ಅಂಗಡಿಯವಳು ಅಂಗಳದಲ್ಲಿದ್ದ ತನ್ನ ಮಗಳ ಕಡೆ ತಿರುಗಿದಳು.

"ನನ್ನ ಮಗಳಿಗೆ ಬರುತ್ತಾ?"

ಟೀಚರಮ್ಮನಿಗೆ ನಾಚಿಕೆಯಾಯಿತು. ಎಲ್ಲರ ಜೊತೆ ರಾಗ ಎಳೆದು ಓದುವ ಆ ಹುಡುಗಿಯನ್ನು ಒಬ್ಬಳನ್ನೇ ನಿಲ್ಲಿಸಿ ಓದಿಸಿದ ನೆನಪಿರಲಿಲ್ಲ. ಅವಳನ್ನು ಒಳಗೆ ಕರೆದಳು, ಪುಸ್ತಕವನ್ನು ತಾಯಿಯ ಕೈಗೆ ಕೊಟ್ಟಳು.

"ಇಲ್ಲಿಂದಾಚೆ ಪಾಠ ಆಗಿಲ್ಲ. ಯಾವ ಪುಟ ಬೇಕಾದ್ರೂ ನೀವೇ ತೆಗೀರಿ."

ತಾಯಿ ಹಾಳೆಗಳನ್ನು ನಿಧಾನವಾಗಿ ತಿರುವಿ ಒಂದು ಕಡೆ ನಿಲ್ಲಿಸಿದಳು. ಹುಡುಗಿ ಬೆರಳಿಟ್ಟಳು. ತಡವರಿಸಿದಳು, ಒಂದು ಪದದಲ್ಲಿ ತಪ್ಪಿದಳು, ಹಿಂದಕ್ಕೆ ಹೋಗಿ ತಾನೇ ಸರಿಮಾಡಿಕೊಂಡಳು. ಬೆರಳು ಒಂದೊಂದೇ ಅಕ್ಷರ ಸರಿಯುತ್ತಾ ಸಾಲಿನ ಕೊನೆ ಮುಟ್ಟಿತು. ಅವಳು ಓದುತ್ತಿದ್ದಳು.

ಇಸ್ತ್ರಿ ಅಂಗಡಿಯವಳು ಚೀಲದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. "ನಂದು ಇಲ್ಲಿಗೇ ಇರ್ಲಿ. ಮನೆ ಹತ್ರ, ಓದೂ ಬರ್ತಿದೆ."

ಟೀಚರಮ್ಮ ತಲೆ ಅಲ್ಲಾಡಿಸಿದಳು. "ನನ್ನ ಮಗ ಹೋದ್ರೆ ಇಪ್ಪತ್ತೊಂಬತ್ತು. ಶಾಲೆನೇ ಇರಲ್ಲ."

"ಹಾಗಾದ್ರೆ ನನಗೆ ಆರಿಸೋಕೆ ಏನ್ ಉಳೀತು?"

ವಾದದಲ್ಲಿ ಸೋಲದ ಟೀಚರಮ್ಮ ಆ ಚೀಟಿಯನ್ನು ಮೆಲ್ಲಗೆ ಅವಳ ಕಡೆಗೇ ಸರಿಸಿದಳು. ಆಮೇಲೆ ಪೆನ್ನು ಎತ್ತಿ, ಕಾರಣದ ಜಾಗದಲ್ಲಿ 'ಓದು ಕಲಿಯಲು' ಎಂದು ಬರೆದು, ಕೆಳಗೆ ಸಹಿ ಹಾಕಿದಳು.